ಸಂತೆಯಲ್ಲಿ ಗುರುತಿಲ್ಲ

ನಮ್ಮ ಕಡೆ 'ಸಾಕು' ಅನ್ನುವ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಊಟಕ್ಕೆ ಕೂತವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಸಾಕು ಸಾಕು ಎಂದು ಕೂಗಿದರೂ ಬಡಿಸುವವರು ಬೆರಳ ಸಂದಿಯಿಂದಲೇ ಇನ್ನೊಂದು ಹೋಳಿಗೆ ಜಾರಿಸುತ್ತಾರೆ. ಜಾರಿಸದಿದ್ದರೆ ಬೀಗರು ವರ್ಷವಿಡೀ ಆಡಿಕೊಳ್ಳುತ್ತಾರೆ. ಬೇಡ ಅಂದವರಿಗೆ ಚಹಾ, ಹೊರಟೆ ಅಂದವರಿಗೆ ಊಟ, ಈಗಲೇ ಮದುವೆ ಒಲ್ಲೆ ಅಂದ ಹುಡುಗಿಗೆ ಮುಂದಿನ ತಿಂಗಳ ಮುಹೂರ್ತ. ಇದೆಲ್ಲ ಪ್ರೀತಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಈ ಪ್ರೀತಿ ತಿಂದು ಬೆಳೆದ ಮನುಷ್ಯನಿಗೆ ಬೇಡ ಅಂದರೆ ನಿಜವಾಗಿಯೂ ಬೇಡ ಎಂದು ಕಲಿಸುವುದು ಎಷ್ಟು ಕಷ್ಟ ಎಂಬುದು ಮೇಘಾಳಿಗೆ ಗೊತ್ತಿತ್ತು. ಅದನ್ನೇ ಮೊದಲ ಪಾಠವಾಗಿ ಕಲಿಸುವ ಒಂದು ಬಳಗವನ್ನು ಅವಳು ಕಟ್ಟಿದ್ದಳು.

ಬಳಗದ ಹೆಸರು 'ರವಿವಾರದ ಚಾ'. ಕೇಳಿದವರಿಗೆ ಚಹಾ ಬಿಟ್ಟು ಬೇರೇನೂ ಹೊಳೆಯಬಾರದು ಎಂದೇ ಆ ಹೆಸರು. ಘಟಪ್ರಭಾ ಸ್ಟೇಷನ್ನಿನ ಹಿಂದೆ, ಒಂದು ಮಹಡಿಯ ಮೇಲೆ, ಅಶೋಕ ಸರ್ ಅವರದೊಂದು ಟೈಪಿಂಗ್ ಕ್ಲಾಸು ಇತ್ತು. ಕಂಪ್ಯೂಟರ್ ಬಂದ ಮೇಲೆ ಅದು ಮುಚ್ಚಿಹೋಗಿ, ಬಟ್ಟೆ ಹೊದ್ದ ಹಳೆಯ ಮಷೀನುಗಳು ಮಾತ್ರ ಉಳಿದಿದ್ದವು. ಆ ಮಹಡಿಯಲ್ಲಿ ತಿಂಗಳಿಗೊಂದು ರವಿವಾರ ಏಳೆಂಟು ಮಂದಿ ಸೇರುತ್ತಿದ್ದರು. ಗೋಕಾಕದವರು ಬಸ್ಸಿಗೆ, ರಾಯಬಾಗ ಕಡೆಯವರು ರೈಲಿಗೆ, ಹುಕ್ಕೇರಿಯಿಂದ ಮೇಘಾ ಮತ್ತು ಅವಳ ಗಂಡ ಮಹಾಂತೇಶ ಬೈಕಿನ ಮೇಲೆ. ಓಣಿಯವರು ಅದನ್ನು ಧ್ಯಾನದ ಕ್ಲಾಸು ಎಂದುಕೊಂಡಿದ್ದರು. ಅಶೋಕ ಸರ್ ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ.

ಧ್ಯಾನವಂತೂ ಅಲ್ಲ. ಅಲ್ಲಿಗೆ ಬರುವವರು ಹಗ್ಗದಲ್ಲಿ ಕಟ್ಟುವುದರಲ್ಲಿ, ಕಟ್ಟಿಸಿಕೊಳ್ಳುವುದರಲ್ಲಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪಿ ಪಾಲಿಸುವುದರಲ್ಲಿ ಸುಖ ಕಾಣುವ ಮಂದಿ. ದೊಡ್ಡ ಊರುಗಳಲ್ಲಿ ಇದಕ್ಕೆ ಬಿಡಿಎಸ್‌ಎಂ ಎಂದು ಹೆಸರು. ನಮ್ಮಲ್ಲಿ ಇದಕ್ಕೆ ಇರುವ ಹೆಸರುಗಳೆಲ್ಲ ಬೈಗುಳಗಳೇ. ಮೇಘಾ ಹುಕ್ಕೇರಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು, ಮಹಾಂತೇಶನದು ಗೊಬ್ಬರದ ಅಂಗಡಿ. ಮದುವೆಯಾಗಿ ಎಷ್ಟೋ ದಿನದ ಮೇಲೆ, ಹೆದರುತ್ತ ಹೆದರುತ್ತ, ಇಬ್ಬರೂ ಒಬ್ಬರಿಗೊಬ್ಬರು ತಮ್ಮ ಮನಸ್ಸು ಹೇಳಿಕೊಂಡಿದ್ದರು. ಹೇಳಿಕೊಂಡ ದಿನ ಇಬ್ಬರೂ ಅತ್ತಿದ್ದರು, ಆಮೇಲೆ ನಕ್ಕಿದ್ದರು. ತಮ್ಮಂಥವರು ಇನ್ನೂ ಇದ್ದಾರು, ಅವರು ಗುಟ್ಟಾಗಿ, ಗೊತ್ತಿಲ್ಲದೆ, ಕೈಕಾಲು ಮುರಿದುಕೊಳ್ಳಬಾರದು ಎಂದೇ ಈ ಬಳಗ.

ನಿಯಮಗಳನ್ನು ಮೇಘಾಳೇ ಮಾಡಿದ್ದು. ಎಲ್ಲಿಯೂ ಬರೆದಿಟ್ಟಿರಲಿಲ್ಲ, ಮಗ್ಗಿಯ ಹಾಗೆ ಬಾಯಿಪಾಠ. ಹೊಸಬರು ಮೊದಲ ಕೆಲವು ರವಿವಾರ ಬರೀ ಚಹಾ ಕುಡಿದು ಹೋಗಬೇಕು. ಭುಜ ಮುಟ್ಟುವುದಿದ್ದರೂ ಕೇಳಬೇಕು. ನಿನ್ನೆ ಹೂಂ ಅಂದವರನ್ನು ಇವತ್ತು ಮತ್ತೆ ಕೇಳಬೇಕು. ಒಳಕೋಣೆಯ ಬಾಗಿಲಿಗೆ ಅಗಳಿ ಹಾಕಬಾರದು. ಅಡ್ಡಹೆಸರು ಕೇಳಬಾರದು, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಅಡ್ಡಹೆಸರು ಸಿಕ್ಕಿತೆಂದರೆ ಊರು, ಜಾತಿ, ಹೊಲದ ಬದು, ಅಜ್ಜನ ಕೋರ್ಟು ಕೇಸು ಎಲ್ಲವೂ ಕೈಗೆ ಸಿಕ್ಕಂತೆ. ಮತ್ತೆ ಎಲ್ಲಕ್ಕಿಂತ ದೊಡ್ಡ ನಿಯಮ: ಸಂತೆಯಲ್ಲಿ ಗುರುತಿಲ್ಲ. ಹೊರಗೆ ಎದುರಾದರೆ ಯಾರಿಗೆ ಯಾರೂ ಅಲ್ಲ. ಒಮ್ಮೆ ಗೋಕಾಕದ ಅಂಗಡಿಯಲ್ಲಿ ಅಶೋಕ ಸರ್ ಹೆಂಡತಿಯೊಂದಿಗೆ ಬಂದಿದ್ದಾಗ ಅವರೂ ಮೇಘಾಳೂ ಒಂದೇ ಚಪ್ಪಲಿಗೆ ಕೈ ಹಾಕಿ, ತೀರಾ ಪರಕೀಯರ ಹಾಗೆ 'ನೀವ ತಗೋರಿ' ಎಂದು ಕೈ ತೆಗೆದಿದ್ದರು. ಆ ನಿಯಮದ ಬಗ್ಗೆ ಮೇಘಾಳಿಗೆ ಹೆಮ್ಮೆ. ಇಷ್ಟು ಮಂದಿಯ ಮಾನ ಆ ಒಂದು ಮಾತಿನ ಮೇಲೆ ನಿಂತಿದೆ ಎಂದು ಅವಳು ಹೇಳುತ್ತಿದ್ದಳು.

ಇನ್ನು ನಿಲ್ಲಿಸುವ ಮಾತು. 'ಸಾಕು', 'ಬೇಡ' ಎರಡನ್ನೂ ಬಳಗ ಒಮ್ಮತದಿಂದ ತಿರಸ್ಕರಿಸಿತು. ಆ ಮಾತಿಗೆ ನಿಲ್ಲುವ ಕೈ ನಮ್ಮ ತಾಲೂಕಿನಲ್ಲಿ ಹುಟ್ಟಿಲ್ಲ ಎಂದು ಅಶೋಕ ಸರ್ ಚೇಷ್ಟೆ ಮಾಡಿದರು. ಅದೇ ಹೊತ್ತಿಗೆ ಕರೆಂಟು ಹೋಗಿ, ಅವರು ಅಟ್ಟದಿಂದ ಒಂದು ಹಳೆಯ ಕಂದೀಲು ಇಳಿಸಿ ಹಚ್ಚಿದರು. ಅದೇ ಮಾತಾಯಿತು. ಯಾರೇ 'ಕಂದೀಲು' ಅಂದರೂ ಆ ಕ್ಷಣವೇ ಎಲ್ಲ ನಿಲ್ಲಬೇಕು. ಹಗ್ಗ ಬಿಚ್ಚಬೇಕು, ಮೊದಲು ನೀರು ಕೊಡಬೇಕು, ಯಾಕೆ ಎಂದು ಕೇಳಬಾರದು.

ಆ ಮಾತಿಗೂ ನಿಲ್ಲದವನು ಒಬ್ಬನೇ ಒಬ್ಬ. ಗುರುರಾಜ ಎಂದು ಅವನ ಹೆಸರು. ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಲಸ, ತಿದ್ದಿದ ಮೀಸೆ, ಬೆಣ್ಣೆಯಂಥ ಮಾತು. ನಿಯಮಗಳನ್ನು ಅವನಷ್ಟು ಚೊಕ್ಕವಾಗಿ ಒಪ್ಪಿಸಿದವರು ಮತ್ತೊಬ್ಬರಿಲ್ಲ. ಗೋಕಾಕದ ತಮನ್ನಾ ಎಂಬ ಹುಡುಗಿ ಅವನನ್ನು ನಂಬಿ ಕೈ ಕಟ್ಟಿಸಿಕೊಂಡಳು. ಅವನು ಬಾಗಿಲಿಗೆ ಅಗಳಿ ಹಾಕಿದ. ಅವಳು ಕಂದೀಲು ಎಂದು ಎಷ್ಟು ಸಲ ಕೂಗಿದಳೋ ಅವಳಿಗೇ ಲೆಕ್ಕವಿಲ್ಲ. ಅಶೋಕ ಸರ್ ಕೆಳಗಿನಿಂದ ಚಹಾ ತಂದು, ಬಾಗಿಲು ಬಡಿದು, ಅದು ತೆರೆಯುವ ಹೊತ್ತಿಗೆ ಅವಳ ಎಡಭುಜದ ಕೀಲು ತಪ್ಪಿತ್ತು. 'ಗೂಡ್ಸ ಗಾಡಿ ಹೊಂಟಿತ್ರಿ, ನನಗ ಕೇಳಸ್ಲಿಲ್ಲ' ಎಂದ ಗುರುರಾಜ. ಗೂಡ್ಸ್ ಗಾಡಿಯೇನೋ ನಿಜವಾಗಿಯೂ ಹೋಗಿತ್ತು. ಬಳಗ ಅವನನ್ನು ಅವತ್ತೇ ಹೊರಹಾಕಿತು. ಅಷ್ಟಕ್ಕೇ ಎಲ್ಲವನ್ನೂ ಮುಗಿಸಿತು. ಒಳಗಿನ ಮಾತು ಹೊರಗೆ ಹೋಗಕೂಡದು ಎಂದು ಮೇಘಾಳೇ ಹೇಳಿದ್ದಳು.

ಇದಾಗಿ ಎರಡು ವರ್ಷದ ಮೇಲೆ, ಒಂದು ಬುಧವಾರ ಮುಂಜಾನೆ, ಮೇಘಾ ರೊಟ್ಟಿ ಬಡಿಯುತ್ತಿದ್ದಾಗ ನಾದಿನಿ ಸುಮನ್ ಅಡುಗೆಮನೆಗೆ ಓಡಿಬಂದು ಮೊಬೈಲನ್ನು ಅವಳ ಮುಖಕ್ಕೆ ಹಿಡಿದಳು. ಸುಮನ್‌ಗೆ ಇಪ್ಪತ್ತೈದು ವರ್ಷ, ಬಿ.ಎಡ್. ಮುಗಿಸಿ ಸಣ್ಣ ಮಕ್ಕಳ ಶಾಲೆಯಲ್ಲಿ ಟೀಚರು. ಅವಳ ಸೋದರಮಾವ ಲಗಮಪ್ಪ ತಂದ ಸಂಬಂಧವೊಂದರ ಮಾತು ತಿಂಗಳಿಂದ ನಡೆದಿತ್ತು. ಮನೆಯವರ ಒಪ್ಪಿಗೆಯಿಂದಲೇ ಹುಡುಗನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಮನಸ್ಸು ಗಟ್ಟಿಯಾಗುವ ತನಕ ಅಣ್ಣನಿಗೂ ವೈನಿಗೂ ಫೋಟೋ ತೋರಿಸುವುದಿಲ್ಲ ಎಂದು ಹಟ ಹಿಡಿದಿದ್ದಳು. ಮನೆಯಲ್ಲಿ ಎಲ್ಲರ ಬಾಯಲ್ಲೂ ಅವನು ಬರೀ 'ಮಸಗುಪ್ಪಿಯವರು', ಹೆಸರನ್ನು ಯಾರೂ ಎತ್ತಿರಲಿಲ್ಲ.

"ನೋಡ್ರಿ ವೈನಿ. ಮಸಗುಪ್ಪಿಯವರು. ಹೆಂಗ ಅದಾರ ಹೇಳ್ರಿ."

ತಿದ್ದಿದ ಮೀಸೆಯನ್ನು ಮೇಘಾ ನೋಡಿದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು.

"ರೊಟ್ಟಿ ಸುಟ್ಟಿತಲ್ರಿ! ಇಷ್ಟ ಚಂದ ಅದಾರೇನ?" ಸುಮನ್ ನಕ್ಕು ತಾನೇ ರೊಟ್ಟಿ ತೆಗೆದಳು. "ಒಂದ ಮಾತ ಹೇಳ್ತೀನಿ, ನಗಬ್ಯಾಡ್ರಿ. ಫೋನ್ ಮಾಡೂಕಿಂತ ಮೊದ್ಲ 'ಈಗ ಮಾಡ್ಲೇನ್ರಿ' ಅಂತ ಕೇಳ್ತಾರ. ಫೋಟೋ ಕಳಸ್ರಿ ಅಂತ ಒಮ್ಮೀನೂ ಅಂದಿಲ್ಲ. 'ನಿಮ್ಮ ಮನಸ್ಸಿನ್ಯಾಗ ಇದ್ರ ಕಳಸ್ರಿ, ಇಲ್ಲಂದ್ರ ಬ್ಯಾಡ' ಅಂತಾರ. ನನಗ ಇಲ್ಲಿತನಾ ಯಾರರ ಹಿಂಗ ಕೇಳ್ಯಾರೇನ್ರಿ? ನಮ್ಮವ್ವ ಕೇಳ್ಯಾಳೇನು?"

ಆ ಮಾತುಗಳು ಮೇಘಾಳವೇ. ಮೊದಲ ರವಿವಾರ ಚಹಾದ ಕಪ್ಪು ಹಿಡಿದು ಕೂತ ಗುರುರಾಜನಿಗೆ, ಕೇಳುವುದು ಹೇಗೆ ಎಂದು ಒಂದೊಂದೇ ಮಾತು ಕಲಿಸಿದವಳು ಅವಳೇ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಗಿತ್ತು.

"ಯಾವಾಗ ಬರ್ತಾರ?" ಅಂದಳು.

"ರವಿವಾರ. ಎಲ್ಲಾ ಹೊಂದಿದ್ರ ಅವತ್ತ ಬಾಯಿ ಸಿಹಿ ಮಾಡೂನು ಅಂದಾನ ಅಪ್ಪಾ."

ಮಧ್ಯಾಹ್ನ ಶಾಲೆಗೆ ಅರ್ಧ ರಜೆ ಹಾಕಿ ಮೇಘಾ ಗಂಡನ ಅಂಗಡಿಗೆ ಹೋದಳು. ಊಟದ ಹೊತ್ತು, ಗಿರಾಕಿ ಇರಲಿಲ್ಲ. ಗೊಬ್ಬರದ ಚೀಲಗಳ ನಡುವೆ ನಿಂತು ವಿಷಯ ಹೇಳಿದಾಗ ಮಹಾಂತೇಶ ಚೀಲದ ಮೇಲೆಯೇ ಕುಸಿದು ಕೂತ. ಅವನಿಗೆ ತಂಗಿ ಎಂದರೆ ಜೀವ. ಸಾಲಿಗೆ ಹೋಗುವಾಗ ಅವಳ ಪಾಟೀಚೀಲವನ್ನೂ ತಾನೇ ಹೊತ್ತವನು.

"ನಾ ಬಿಡಸ್ತೀನಿ," ಎಂದ. "ಏನರ ನೆವಾ ಹೇಳಿ ಬಿಡಸ್ತೀನಿ."

ನೆವ ಹೇಳಿಯೂ ಹೇಳಿದ. ಅದೇ ಸಂಜೆ ತಂದೆ ಶಿದ್ಲಿಂಗಪ್ಪನ ಮುಂದೆ ಕೂತು, ಕಾರ್ಖಾನೆಯ ನೌಕರಿ ಕಾಯಂ ಅಲ್ಲ ಅಂದ. ನೀರಾವರಿ ಹೊಲ ಕಾಯಂ ಐತಲ್ಲೋ ಅಂದರು ತಂದೆ. ಜಾತಕ ತೋರಿಸೋಣ ಅಂದ. ಲಿಂಗವಂತರ ಮನೆಯಲ್ಲಿ ಜಾತಕದ ಮಾತೇ ಎಂದು ಶಿದ್ಲಿಂಗಪ್ಪ ಮಗನ ಮುಖವನ್ನೇ ನೋಡಿದರು. ಮಸಗುಪ್ಪಿ ದೂರ ಅಂದ. "ದೂರ ಏನ ದೂರ? ಹುಲಿ ಹಾದ್ಯಾಗ ಐತೇನು?" ಎಂದು ತಾಯಿ ಬಾಳವ್ವ ನಕ್ಕಳು. "ತಂಗಿ ಹೊಂಟ್ಳಂತ ಹೊಟ್ಟ್ಯಾಗ ಸಂಕಟ ಆಗೇತಿ ಇವಂಗ." ಆಮೇಲೆ ನೆವಗಳು ಮುಗಿದವು. ಇದ್ದದ್ದು ನಿಜ ಒಂದೇ, ಅದಕ್ಕೆ ಬಾಯಿ ಏಳಲಿಲ್ಲ.

ಮರುದಿನ ಅಂಗಡಿಯಲ್ಲಿ ಮಹಾಂತೇಶ ಬೇರೆ ರಾಗ ತೆಗೆದ.

"ಮೇಘಾ, ಅಂವಾ ಅವತ್ತ ಕೇಳಸ್ಲಿಲ್ಲ ಅಂದಿದ್ದ. ಖರೇನೂ ಇರಬಹುದಲ್ಲ?"

"ಅಗಳಿ ಯಾಕ ಹಾಕಿದ್ದ?"

"ಗಾಳಿಗೆ ಬಾಗಲಾ ಬಡಕೋತಿತ್ತಂತ ಹಾಕಿರಬಹುದು. ಗೂಡ್ಸ ಗಾಡಿ ಅಂತೂ ಹೋತು, ನಾನೂ ಕೇಳೇನಿ. ಎರಡ ವರ್ಷ ಆತು. ಮನಶ್ಯಾ ಸುಧಾರಿಸಿರ್ತಾನ. ತಮನ್ನಾನೂ ಹೇಳೂದು ಒಂದೀಟ ತಡಾ ಮಾಡಿರಬಹುದು."

ಮೇಘಾ ಗಂಡನನ್ನೇ ನೋಡುತ್ತ ನಿಂತಳು. ಅವಳಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆ ಬಂತು. ಇವನು ಕೆಟ್ಟವನಲ್ಲ. ಇವನ ಕೈಗೆ ಅವಳು ಕಣ್ಣು ಮುಚ್ಚಿ ತನ್ನ ಎರಡೂ ಕೈ ಒಪ್ಪಿಸಿದ್ದಾಳೆ. ಒಮ್ಮೆಯೂ ಅವನು ತಪ್ಪಿಲ್ಲ. ಇಂಥವನೂ ತನ್ನ ಮಾನ ಉಳಿಯಲಿ ಎಂದು ಒಂದು ಗೂಡ್ಸ್ ಗಾಡಿಯ ಹಿಂದೆ ಅವಿತುಕೊಳ್ಳಲು ನೋಡುತ್ತಿದ್ದಾನಲ್ಲ.

"ನಿಮ್ಮ ತಂಗೀರಿ ಅಕಿ," ಎಂದಳು.

"ಗೊತ್ತೈತಿ!" ಎಂದ ಮಹಾಂತೇಶ. "ನಮ್ಮದೆಲ್ಲಾ ಹೊರಗ ಬಂತಂದ್ರ ಏನಾಕ್ಕೇತಿ, ವಿಚಾರ ಮಾಡಿಯೇನು? ನಿನ್ನ ನೌಕರಿ ಉಳಿಯೂದಿಲ್ಲ. ಅಪ್ಪಾ ಊರಾಗ ತಲಿ ಎತ್ತಿ ಅಡ್ಡಾಡೂದಿಲ್ಲ. ಅಶೋಕ ಸರ್, ಅವರ ಮೊಮ್ಮಕ್ಕಳು... ಇಷ್ಟ ಮಂದಿ ನಿನ್ನ ಮಾತ ನಂಬಿ ಬಂದಾರ."

ಅದೂ ಸುಳ್ಳಲ್ಲ. ಹೇಳಿದರೆ ಅಷ್ಟೂ ಮನೆ ಹಾಳು, ಹೇಳದಿದ್ದರೆ ಸುಮನ್ ಹಾಳು. ಅತ್ತ ದರಿ, ಇತ್ತ ಪುಲಿ ಎಂದು ಗಾದೆ ಮಾಡಿದವರು ಸುಮ್ಮನೆ ಮಾಡಿಲ್ಲ. ಆದರೆ ಬಳಗದ ಇನ್ನೊಂದು ನಿಯಮ ಮೇಘಾಳನ್ನು ಕುಟುಕುತ್ತಿತ್ತು: ಇನ್ನೊಬ್ಬರ ಕಥೆಯನ್ನು ಅವರನ್ನು ಕೇಳದೆ ಹೇಳಬಾರದು. ಹಾಗಾದರೆ ಕೇಳಿಯೇ ಬಿಡೋಣ ಎಂದು ಶುಕ್ರವಾರ ಗೋಕಾಕದ ಬಸ್ಸು ಹತ್ತಿದಳು.

ತಮನ್ನಾಳದು ಲೇಡೀಸ್ ಟೇಲರಿಂಗ್ ಅಂಗಡಿ. ಬಾಗಿಲಲ್ಲಿ ಅವಳ ತಾಯಿ ರಶೀದಾಬಿ ಬ್ಲೌಸಿಗೆ ಹುಕ್ಕು ಹಚ್ಚುತ್ತ ಕೂತಿದ್ದಳು. ಮೇಘಾ ಗಿರಾಕಿಯ ಹಾಗೆ "ಬ್ಲೌಸ್ ಹೊಲ್ಯಾಕ ಕೊಡೂದಿತ್ರಿ" ಎಂದಳು. ತಮನ್ನಾ ಅವಳನ್ನು ನೋಡಿದಳು, ಕಣ್ಣೂ ಮಿಟುಕಿಸದೆ "ಬರ್ರಿ, ಅಳತಿ ಕೊಡ್ರಿ" ಎಂದು ಪರದೆಯ ಹಿಂದೆ ಕರೆದಳು. ಸಂತೆಯಲ್ಲಿ ಗುರುತಿಲ್ಲ. ಅಷ್ಟೆಲ್ಲ ಆದಮೇಲೂ ಹುಡುಗಿ ನಿಯಮ ಮರೆತಿರಲಿಲ್ಲ.

ಪರದೆಯ ಹಿಂದೆ ಮೇಘಾ ಪಿಸುಮಾತಿನಲ್ಲಿ ಎಲ್ಲ ಹೇಳಿದಳು. ತಮನ್ನಾ ಬಲಗೈಯಿಂದ ಟೇಪು ಹಿಡಿದು ಬೆನ್ನಿನ ಅಳತೆ ತೆಗೆಯುತ್ತಲೇ ಇದ್ದಳು. ಟೇಪಿನ ಇನ್ನೊಂದು ತುದಿಯನ್ನು ಮೇಘಾಳ ಭುಜಕ್ಕೆ ಏರಿಸುವಾಗ ಅವಳ ಎಡಗೈ ಎದೆಯ ಮಟ್ಟದಲ್ಲೇ ನಿಂತಿತು.

"ಇಷ್ಟ ಏಳ್ತೈತ್ರಿ," ಎಂದಳು. "ನಿಮ್ಮ ಕೈಲೆ ಹಿಡಕೋರಿ."

ಮೇಘಾ ಟೇಪಿನ ತುದಿ ಹಿಡಿದುಕೊಂಡಳು.

"ಅವತ್ತ ನಾ ಏನಂದಿದ್ದೆ, ನೆನಪೈತೇನ್ರಿ ಅಕ್ಕಾ? ಬೆಳಗಾವಿ ಕಡೆ ಬ್ಯಾರೆ ಬಳಗ ಅದಾವು, ಅಲ್ಲಿ ಹೋಗ್ತಾನ, ಎಲ್ಲಾರಿಗೂ ಹೇಳ್ರಿ ಅಂದಿದ್ದೆ. ನೀವು ನಿಯಮ ಅಂದ್ರಿ. ಅಂವಾ ಕೇಳಸ್ಲಿಲ್ಲ ಅಂದಾ, ನೀವು ಹೊರಗ ಹೇಳಾಕ ಬರೂದಿಲ್ಲ ಅಂದ್ರಿ. ನಾ ಒದರಿದ್ದು ಯಾರಿಗೂ ಬ್ಯಾಡಾಗಿತ್ತು."

"ತಪ್ಪಾತು ತಮನ್ನಾ."

"ತಪ್ಪ ಇರ್ಲಿ ಬಿಡ್ರಿ. ನನ್ನ ಹೆಸರು ಮಾತ್ರ ತಗೀಬ್ಯಾಡ್ರಿ. ನನ್ನ ಹೆಸರು ಬಂತಂದ್ರ ಈ ಮನ್ಯಾಗ ನನಗ ಜಾಗಾ ಇಲ್ಲ. ಅಮ್ಮೀಗೆ ನಾ ಮೆಟ್ಟಲದಾಗ ಜಾರಿ ಬಿದ್ದೇನಿ ಅಂತ ಹೇಳೇನಿ." ಟೇಪು ಸುತ್ತಿ ಕೊರಳಿಗೆ ಹಾಕಿಕೊಂಡು ತಮನ್ನಾ ಅವಳ ಕಣ್ಣಿಗೆ ಕಣ್ಣಿಟ್ಟಳು. "ನನ್ನ ಕಥಿ ನಂದು. ಆದ್ರ ನಿಮ್ಮ ಬಾಯಿ ನಿಮ್ದ ಐತೆಲ್ರಿ?"

ಹೊರಗೆ ಬಂದಾಗ ರಶೀದಾಬಿ ಪ್ರೀತಿಯಿಂದ, "ಮಂಗಳವಾರ ಬರ್ರಿ, ಕೊಡ್ತಾಳ. ಕೈ ಒಂದೀಟ ಸಾವಕಾಶ, ಕೆಲಸ ಮಾತ್ರ ನೀಟ ಮಾಡ್ತಾಳ" ಎಂದಳು. ಹುಕ್ಕೇರಿ ಮುಟ್ಟುವ ತನಕ ಮೇಘಾ ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಅತ್ತಳು.

ರವಿವಾರ ಬಂದೇ ಬಂತು. ಮಸಗುಪ್ಪಿಯ ಬೀಗರು ಒಂದು ಕ್ರೂಸರ್ ಗಾಡಿ ತುಂಬ ಬಂದರು. ಹುಡುಗನ ತಂದೆ ಮುತ್ತಪ್ಪ ದೊಡ್ಡ ರುಮಾಲಿನ ಸಾಧು ಮನುಷ್ಯ, ತಾಯಿ ಮುದಕವ್ವ ಬಂದ ತಕ್ಷಣ ಸುಮನ್‌ಳ ಗಲ್ಲ ಹಿಡಿದು "ನನ್ನ ಮಗಳು" ಎಂದವಳು. ಬೈಯಲಿಕ್ಕಾದರೂ ಒಂದು ಕಾರಣ ಸಿಗಲಿ ಎಂದು ಮೇಘಾ ಹುಡುಕಿದಳು, ಸಿಗಲಿಲ್ಲ. ಗುರುರಾಜ ಎಲ್ಲರಿಗೂ ಬಗ್ಗಿ ನಮಸ್ಕಾರ ಮಾಡಿದ. ಮಹಾಂತೇಶನ ಕೈ ಕುಲುಕಿ, ಮೊದಲ ಸಲ ನೋಡಿದವನ ಹಾಗೆ, "ನಿಮ್ಮ ಬಗ್ಗೆ ಬಾಳ ಕೇಳೇನ್ರಿ" ಎಂದ. ಮಹಾಂತೇಶ ನಕ್ಕ. ಆ ನಗು ನೋಡಲಾರದೆ ಮೇಘಾ ಹಿತ್ತಲಿಗೆ ಹೋದಳು.

ಊಟ ಮುಗಿಸಿ ಗುರುರಾಜ ಕೈ ತೊಳೆಯಲು ಹಿತ್ತಲಿಗೇ ಬಂದ. ಮೇಘಾ ತಂಬಿಗೆಯಿಂದ ನೀರು ಹಾಕಬೇಕಾಯಿತು.

"ನೀವ ಹೇಳ್ರಿ ಒಲ್ಲೆ ಅಂತ," ಮೇಘಾ ಮೆಲ್ಲಗೆ ಅಂದಳು. "ಯಾರ ಮಾನಾನೂ ಹೋಗೂದಿಲ್ಲ. ಎದ್ದ ಹೋಗ್ರಿ."

ಅವನು ಬೆರಳ ಸಂದಿಗಳನ್ನು ನಿಧಾನಕ್ಕೆ ಉಜ್ಜಿ ತೊಳೆದ.

"ನಿಮಗ ಈಗ ವೈನಿ ಅನಬೇಕ ನಾನು," ಎಂದ. "ವೈನಿ, ನಿಯಮ ನೀವ ಮಾಡಿದ್ದು. ಸಂತ್ಯಾಗ ಗುರ್ತಿಲ್ಲ. ನಾ ಪಾಲಸಾಕತ್ತೇನಿ. ನೀವೂ ಪಾಲಸ್ರಿ. ಇಲ್ಲಂದ್ರ ಎಲ್ಲಾರ ಗುರ್ತ ನನಗೂ ಐತಿ." ಅವಳ ಹೆಗಲ ಮೇಲಿದ್ದ ಟವೆಲಿಗೆ ಕೈ ಚಾಚಿ, ತಡೆದು, ನಗುತ್ತ ಕೇಳಿದ: "ತಗೊಳ್ಲೇನ್ರಿ?"

ಪಡಸಾಲೆಯಲ್ಲಿ ಎಲ್ಲ ಹೊಂದಿಕೆಯಾಗಿಹೋಗಿತ್ತು. ಲಗಮಪ್ಪ ದೊಡ್ಡ ದನಿಯಲ್ಲಿ ಬಾಯಿ ಸಿಹಿಯಾಗಲಿ ಎಂದ. ಬೀಗರು ತಂದ ಗೋಕಾಕ ಕರದಂಟಿನ ಡಬ್ಬಿ ಬಿಚ್ಚಿ, ಹುಡುಗ ಹುಡುಗಿಯನ್ನು ಒಂದೇ ಜಮಖಾನೆಯ ಮೇಲೆ ಕೂರಿಸಿದರು. ಮಹಾಂತೇಶ ತಾಟು ಹಿಡಿದು ನಿಂತಿದ್ದ. ಮೇಘಾ ಬಾಗಿಲ ಚೌಕಟ್ಟಿಗೆ ಆತುಕೊಂಡಳು.

ಮೊದಲ ತುಂಡನ್ನು ಸುಮನ್ ನಾಚಿ ತಿಂದಳು. ಕರದಂಟು ಅಂದರೆ ಗೊತ್ತಲ್ಲ, ಅಂಟು, ಕೊಬ್ಬರಿ, ಉತ್ತತ್ತಿ. ಬಾಯಿಗೆ ಹಾಕಿದರೆ ಬೇಗ ಕರಗುವ ವಸ್ತುವಲ್ಲ. ಅವಳು ಅಗಿಯುತ್ತಿರುವಾಗಲೇ ಗುರುರಾಜ ಎರಡನೆಯದು ಹಿಡಿದ. ಅದನ್ನೂ ತಗೊಂಡಳು, ಗಲ್ಲ ಉಬ್ಬಿತು. ಮೂರನೆಯದಕ್ಕೆ ತುಂಬಿದ ಬಾಯಲ್ಲೇ "ಸಾಕ್ರಿ" ಎಂದಳು. ಎಲ್ಲರೂ ಗೊಳ್ಳೆಂದರು.

"ಸಾಕು ಅಂದ್ರ ಬಿಡತಾರೇನ?" ಲಗಮಪ್ಪ ತೊಡೆ ತಟ್ಟಿದ. "ಹಾಕಪಾ, ಹಾಕು!"

ಸುಮನ್ ಕೈ ಅಡ್ಡ ತಂದಳು. ಗುರುರಾಜ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದು ಕೆಳಗಿಳಿಸಿದ. ನೋಡುವವರಿಗೆ ಅದು ಸರಸ. ಮೇಘಾಳಿಗೆ ಕಂಡದ್ದು ಅವನ ಹೆಬ್ಬೆರಳು ಊರಿದ ಜಾಗ, ಸುಮನ್‌ಳ ಕಣ್ಣಿನಲ್ಲಿ ನಗು ಹೋಗಿ ಗಾಬರಿ ಬಂದದ್ದು.

"ಕಂದೀಲು," ಎಂದಳು ಮೇಘಾ.

ಪಾಠ ಹೇಳುವ ದನಿ ಅದು, ಕೊನೆಯ ಬೆಂಚಿಗೂ ಮುಟ್ಟುವಂಥದ್ದು. ಬಾಳವ್ವ ಕರೆಂಟು ಹೋಯಿತೇನೋ ಎಂದು ಬಲ್ಬು ನೋಡಿದಳು. ಗುರುರಾಜನ ಕೈ ಗಾಳಿಯಲ್ಲಿ ನಿಂತಿತು. ಅವನು ತಲೆ ಎತ್ತಿ ಮೊದಲು ಮೇಘಾಳನ್ನು ನೋಡಿದ, ಆಮೇಲೆ ಮಹಾಂತೇಶನನ್ನು ನೋಡಿದ. ಮೀಸೆಯ ತುದಿಯಲ್ಲಿ ನಕ್ಕ. ನಕ್ಕು, ಆ ಮೂರನೆಯ ತುಂಡನ್ನು ಸುಮನ್‌ಳ ತುಟಿಯ ನಡುವೆ ಹೆಬ್ಬೆರಳಿನಿಂದ ಒತ್ತಿ ತುರುಕಿದ.

ಸುಮನ್‌ಗೆ ನೆತ್ತಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಯಾರೋ ಮತ್ತೆ ನಕ್ಕರು.

ಮಹಾಂತೇಶನ ಕೈಯಿಂದ ತಾಟು ಜಾರಿ ಬಿತ್ತು.

"ಇವತ್ತ ಯಾವ ಗೂಡ್ಸ ಗಾಡಿ ಹೊಂಟಿತ್ತೋ ಗುರುರಾಜ?" ಎಂದ. "ಕೇಳಸ್ತಲ್ಲೋ ನಿನಗ. ಚೊಲೋತ್ನಾಗಿ ಕೇಳಸ್ತಲ್ಲೋ."

ಶಿದ್ಲಿಂಗಪ್ಪ ಎದ್ದು ನಿಂತರು. "ಏನೋ ಅದು? ಬೀಗರ ಮುಂದ ಏನ ಮಾತಾಡಾಕತ್ತಿ? ನಿನಗ ಇವರ ಗುರ್ತ ಐತೇನ?"

ಮಹಾಂತೇಶ ಹೆಂಡತಿಯ ಕಡೆ ನೋಡಿದ.

ಮೇಘಾ ಆಗಲೇ ಸುಮನ್‌ಳ ಪಕ್ಕ ಕೂತಾಗಿತ್ತು. ಅವಳ ಬಾಯಿಯ ಮುಂದೆ ಅಂಗೈ ಹಿಡಿದು ಉಗುಳಿಸಿಕೊಂಡಳು, ನೀರಿನ ಲೋಟ ಕೈಗೆ ಕೊಟ್ಟಳು, ಏನೂ ಕೇಳದೆ ಬೆನ್ನು ಸವರಿದಳು. ಮಣಿಕಟ್ಟಿನ ಮೇಲೆ ಕೆಂಪಗೆ ಬೆರಳು ಮೂಡಿತ್ತು. ಅದನ್ನು ಸುಮನ್ ತಾನೇ ನೋಡಿಕೊಳ್ಳುತ್ತಿದ್ದಳು.

"ವೈನಿ," ಗುರುರಾಜ ಹಲ್ಲು ಕಚ್ಚಿ ಅಂದ, "ನಿಯಮ..."

"ಯಾವ ನಿಯಮ?" ಎಂದರು ಮುತ್ತಪ್ಪ, ಮಗನ ಕಡೆ ತಿರುಗಿ.

ಮೇಘಾಳ ಕಣ್ಣ ಮುಂದೆ ಅಶೋಕ ಸರ್ ಬಂದರು, ಶಾಲೆ ಬಂತು, ಮುಂದಿನ ಸಂತೆಯ ದಿನ ಹುಕ್ಕೇರಿಯ ಓಣಿಗಳು ತನ್ನನ್ನು ನೋಡುವ ರೀತಿ ಬಂತು. ಎದೆಯ ಮಟ್ಟದಲ್ಲೇ ನಿಂತ ಒಂದು ಕೈಯೂ ಬಂತು. ತಮನ್ನಾಳ ಹೆಸರು, ಅಶೋಕ ಸರ್ ಹೆಸರು, ಯಾರ ಹೆಸರೂ ತನ್ನ ಬಾಯಿಂದ ಬರುವುದಿಲ್ಲ, ತನ್ನದೊಂದು ಬಿಟ್ಟು. ಸುಮನ್ ಅವಳ ಸೆರಗು ಹಿಡಿದುಕೊಂಡಿದ್ದಳು.

"ಗುರ್ತ ಐತ್ರಿ ಮಾವಾರ," ಎಂದಳು ಮೇಘಾ. "ನಿಮ್ಮ ಮಗಗೂ ಐತಿ, ನನಗೂ ಐತಿ. ಎಲ್ಲಿ ಗುರ್ತ ಆತು, ಹೆಂಗ ಆತು, ಎಲ್ಲಾ ಹೇಳ್ತೀನಿ. ಕೇಳಿದಮ್ಯಾಲ ನನ್ನ ಮನ್ಯಾಗ ಇಟಗೋತೀರೋ ಬಿಡತೀರೋ, ನಿಮಗ ಬಿಟ್ಟದ್ದು. ಆದ್ರ ಪೂರಾ ಕೇಳ್ರಿ."

ಶಿದ್ಲಿಂಗಪ್ಪ ಕೂರಲಿಲ್ಲ. ಆದರೆ ಹೊರಗೂ ಹೋಗಲಿಲ್ಲ. ಮೇಘಾ ಹೇಳಲು ಶುರುಮಾಡಿದಳು.